ಒಂದು ಎಲ್, ಎರಡು ಎಲ್: ಕೋಡ್ ತುಂಬ ಚದುರಿದ ಸ್ಟ್ರಿಂಗ್‌ಗಳನ್ನು ಕಾನ್‌ಸ್ಟಂಟ್‌ಗೆ ತರುವುದು ಹೇಗೆ?

ಬಸ್ ಟಿಕೆಟ್ ಬುಕಿಂಗ್ ಸಾಫ್ಟ್‌ವೇರ್ ಒಂದರಲ್ಲಿ ಕೆಲಸ ಮಾಡುತ್ತಿದ್ದಾಗಿನ ಮಾತು. ಸೋಮವಾರ ಬೆಳಿಗ್ಗೆ ಸಪೋರ್ಟ್‌ನವರಿಂದ ಫೋನ್ ಬಂತು. "ಸರ್, ಟಿಕೆಟ್ ಕ್ಯಾನ್ಸಲ್ ಆಗಿದೆ ಅಂತ ಸ್ಕ್ರೀನ್ ತೋರಿಸ್ತಿದೆ. ದುಡ್ಡು ಮಾತ್ರ ಯಾರಿಗೂ ವಾಪಸ್ ಹೋಗ್ತಿಲ್ಲ." ಲಾಗ್ ನೋಡಿದರೆ ಒಂದೇ ಒಂದು ಎರರ್ ಇಲ್ಲ. ಸರ್ವರ್ ಆರಾಮಾಗಿದೆ. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ಅಕ್ಷರ. ಬುಕಿಂಗ್ ಕೋಡ್ ಸ್ಟೇಟಸ್ ಕಾಲಂನಲ್ಲಿ 'ಕ್ಯಾನ್ಸಲ್ಡ್' ಎಂದು ಎರಡು ಎಲ್ ಹಾಕಿ ಬರೆಯುತ್ತಿತ್ತು, ಬ್ರಿಟಿಷ್ ಸ್ಪೆಲಿಂಗ್. ಹೊಸದಾಗಿ ಬರೆದ ರೀಫಂಡ್ ಕೋಡ್ ಒಂದೇ ಎಲ್ ಇರುವ ಅಮೆರಿಕನ್ ಸ್ಪೆಲಿಂಗ್ ಹುಡುಕುತ್ತಿತ್ತು. ಬರೆದ ಇಬ್ಬರ ಸ್ಪೆಲಿಂಗೂ ಸರಿ. ಪ್ರಯಾಣಿಕರ ದುಡ್ಡು ಮಾತ್ರ ನಡುವೆ ಸಿಕ್ಕಿಹಾಕಿಕೊಂಡಿತ್ತು.

ಸರಿಪಡಿಸಲು ಒಂದು ನಿಮಿಷ ಸಾಕಾಯಿತು. ಆದರೆ ಅದೇ ಪದ ಇನ್ನೆಲ್ಲಿದೆ ಅಂತ ನೋಡಿದಾಗ ನಲವತ್ತಕ್ಕೂ ಜಾಸ್ತಿ ಸಾಲು ಸಿಕ್ಕವು. ಪ್ರತಿ ಸಾಲಿನಲ್ಲೂ ಯಾರೋ ಒಬ್ಬರು ಆ ಪದವನ್ನು ನೆನಪಿನಿಂದ ಟೈಪ್ ಮಾಡಿದ್ದರು. ಹೀಗೆ ಕೋಟ್ ಮಾರ್ಕ್ ಒಳಗೆ ಬರೆಯುವ ಪಠ್ಯವೇ ಸ್ಟ್ರಿಂಗ್. ಅದಕ್ಕೊಂದು ಹೆಸರಿಟ್ಟು ಒಂದೇ ಕಡೆ ಬರೆದಿಟ್ಟು, ಉಳಿದೆಡೆ ಆ ಹೆಸರನ್ನೇ ಬಳಸಿದರೆ ಅದು ಕಾನ್‌ಸ್ಟಂಟ್. "ಇದನ್ನೆಲ್ಲ ಒಂದು ಫೈಲಿಗೆ ಹಾಕಿಬಿಡೋಣ" ಎಂದೆ. ಹಾಕಿದೆ ಕೂಡ. ಆ ಮೊದಲ ಪ್ರಯತ್ನ ಅರ್ಧ ತಪ್ಪಾಗಿತ್ತು. ಎರಡನೇ ಸಲ ಮಾಡುವಾಗ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕೋಡ್‌ನ ಹೆಸರು, ಕಮಾಂಡ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ನೀವು ಎಂದಿನಂತೆ ಇಂಗ್ಲಿಷಿನಲ್ಲೇ ಟೈಪ್ ಮಾಡಿಕೊಳ್ಳಿ.

ಮೊದಲು ಜರಡಿ ಹಿಡಿಯಿರಿ

ಕೋಟ್ ಮಾರ್ಕ್ ಒಳಗಿರುವುದೆಲ್ಲ ಕಾನ್‌ಸ್ಟಂಟ್ ಆಗಬೇಕಿಲ್ಲ. ಒಂದೊಂದು ಸ್ಟ್ರಿಂಗ್ ಕಂಡಾಗಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇಲ್ಲಿ ಒಂದು ಅಕ್ಷರ ತಪ್ಪಿದರೆ, ಬೇರೆಲ್ಲೋ ಇರುವ ಕೋಡ್ ಸದ್ದಿಲ್ಲದೆ ದಾರಿ ತಪ್ಪುತ್ತದಾ? ಹೌದು ಎಂದಾದರೆ ಅದು ಬರೀ ಪದವಲ್ಲ, ಬರೆಯುವವರಿಗೂ ಓದುವವರಿಗೂ ನಡುವಿನ ಒಪ್ಪಂದ. ಆರ್ಡರ್ ಸ್ಟೇಟಸ್, ಇವೆಂಟ್ ಹೆಸರು, ಕ್ಯೂ (ಮೆಸೇಜ್‌ಗಳು ಸರದಿ ಕಾಯುವ ಜಾಗ) ಹೆಸರು, ಕ್ಯಾಶ್ ಕೀ, ಹೆಡರ್ ಹೆಸರು, ಯೂಸರ್ ರೋಲ್, ಫೀಚರ್ ಫ್ಲ್ಯಾಗ್ ಎಲ್ಲ ಈ ಜಾತಿಗೆ ಸೇರಿದವು.

ಇಂಥ ಒಪ್ಪಂದ ಎಷ್ಟು ಗಟ್ಟಿ ಅಂತ ನೋಡಬೇಕಾದರೆ ವೆಬ್‌ನ 'ರೆಫರರ್' ಹೆಡರ್ ನೋಡಿ. ನೀವು ಯಾವ ಪುಟದಿಂದ ಬಂದಿರಿ ಎಂದು ಬ್ರೌಸರ್ ಸರ್ವರ್‌ಗೆ ಹೇಳುವುದು ಅದರಲ್ಲೇ. ಆ ಇಂಗ್ಲಿಷ್ ಪದದ ನಡುವೆ ಎರಡು ಆರ್ ಇರಬೇಕು. 1996ರಲ್ಲಿ ಬಂದ ಎಚ್‌ಟಿಟಿಪಿ 1.0 ದಾಖಲೆ, ಅಂದರೆ ಆರ್‌ಎಫ್‌ಸಿ 1945, ಅದನ್ನು ಒಂದೇ ಆರ್ ಹಾಕಿ ಬರೆಯಿತು. ಇವತ್ತಿಗೂ ಬ್ರೌಸರ್‌ಗಳು ಆ ತಪ್ಪು ಸ್ಪೆಲಿಂಗನ್ನೇ ಕಳಿಸುತ್ತವೆ. ಆಮೇಲೆ ಬಂದ 'ರೆಫರರ್ ಪಾಲಿಸಿ' ಹೆಡರ್‌ನಲ್ಲಿ ಮಾತ್ರ ಸ್ಪೆಲಿಂಗ್ ಸರಿಯಾಗಿದೆ. ಒಂದೇ ಬ್ರೌಸರ್, ಒಂದೇ ಪದ, ಎರಡು ಸ್ಪೆಲಿಂಗ್. ಇದನ್ನು ನೆನಪಿನಿಂದ ಟೈಪ್ ಮಾಡಿ ಕೈ ಸುಟ್ಟುಕೊಳ್ಳದವರು ಕಡಿಮೆ.

ಇನ್ನು ಯಾವುದನ್ನು ಕಾನ್‌ಸ್ಟಂಟ್ ಫೈಲಿಗೆ ತರಬಾರದು? ಪಾಸ್‌ವರ್ಡ್, ಎಪಿಐ ಕೀ ಕೋಡ್‌ನಲ್ಲಿ ಇರಲೇಬಾರದು. ಅದಕ್ಕೊಂದು ಅಂದದ ಹೆಸರು ಕೊಟ್ಟರೆ ಗುಟ್ಟು ಇನ್ನೂ ಸುಲಭವಾಗಿ ಸಿಗುತ್ತದೆ, ಅಷ್ಟೇ. ಸರ್ವರ್ ವಿಳಾಸದಂಥವು ಕಾನ್ಫಿಗ್‌ಗೆ ಹೋಗಲಿ. ಲಾಗ್‌ನಲ್ಲಿ ಬರೆಯುವ ವಾಕ್ಯ ಇದ್ದಲ್ಲೇ ಇರಲಿ, ಅದನ್ನು ಓದುವಾಗ ಬೇರೆ ಫೈಲ್ ತೆರೆಯುವ ಕಷ್ಟ ಯಾರಿಗೆ ಬೇಕು? ಅಲ್ಪವಿರಾಮಕ್ಕೆ 'ಕಾಮಾ' ಅಂತ, ಖಾಲಿ ಸ್ಟ್ರಿಂಗ್‌ಗೆ 'ಎಂಪ್ಟಿ' ಅಂತ ಹೆಸರಿಟ್ಟ ಕೋಡ್ ನೋಡಿದ್ದೇನೆ. ಅದು ಕೆಲಸವಲ್ಲ, ಕೆಲಸ ಮಾಡಿದ ಹಾಗೆ ತೋರಿಸುವುದು.

ಬಳಕೆದಾರರ ಕಣ್ಣಿಗೆ ಬೀಳುವ ವಾಕ್ಯಗಳ ಕಥೆಯೇ ಬೇರೆ. ಅವು ಅನುವಾದದ ಫೈಲಿಗೆ ಸೇರಿದವು. ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇದು ಜಾಸ್ತಿ ಮುಖ್ಯ. ಊರಿನ ಹೆಸರಿನ ಮುಂದೆ 'ಗೆ' ಎಂಬ ಕಾನ್‌ಸ್ಟಂಟ್ ಅಂಟಿಸಿದರೆ 'ಮೈಸೂರುಗೆ ಟಿಕೆಟ್', 'ಧಾರವಾಡಗೆ ಟಿಕೆಟ್' ಎಂದು ಬರುತ್ತದೆ. ಓದುವವರಿಗೆ ಮೈಸೂರಿಗೆ, ಧಾರವಾಡಕ್ಕೆ ಬೇಕು. ಇಂಗ್ಲಿಷಿನಲ್ಲಿ 'ಟು' ಒಂದೇ ಪದ ಎಲ್ಲ ಊರಿಗೂ ನಡೆಯುತ್ತದೆ, ನಮ್ಮಲ್ಲಿ ಊರಿಗೆ ತಕ್ಕ ಹಾಗೆ ಪ್ರತ್ಯಯವೇ ಬದಲಾಗುತ್ತದೆ. ಅದಕ್ಕೆ ವಾಕ್ಯವನ್ನು ತುಂಡು ಮಾಡಬೇಡಿ. 'ತಲುಪುವ ಊರು: ಧಾರವಾಡ' ಎಂದು ವಾಕ್ಯವನ್ನೇ ತಿರುಗಿಸಿ, ಇಡೀ ಸಾಲನ್ನು ಅನುವಾದದ ಫೈಲಿನಲ್ಲಿಡಿ.

ಇಷ್ಟು ಜರಡಿ ಹಿಡಿದ ಮೇಲೆ ನಮ್ಮ ಕೋಡ್‌ನಲ್ಲಿ ಉಳಿದದ್ದು ಮೂರು ಗುಂಪು: ಟಿಕೆಟ್ ಸ್ಟೇಟಸ್, ಕ್ಯೂ ಇವೆಂಟ್‌ಗಳು, ಊರು ಮತ್ತು ರಾಜ್ಯದ ಕೋಡ್‌ಗಳು. ಒಂದು ಸಲಕ್ಕೆ ಒಂದೇ ಗುಂಪು ಹಿಡಿಯಿರಿ. ನಾನು ಸ್ಟೇಟಸ್‌ನಿಂದ ಶುರು ಮಾಡಿದೆ, ಏಟು ಬಿದ್ದದ್ದು ಅಲ್ಲೇ ಅಲ್ವಾ.

ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ರೆಪೊದ, ಅಂದರೆ ಇಡೀ ಕೋಡ್ ಇರುವ ಫೋಲ್ಡರ್‌ನ, ಬುಡದಲ್ಲಿ ನಿಂತು ಪದ ಹುಡುಕುವ 'ಗಿಟ್ ಗ್ರೆಪ್' ಕಮಾಂಡ್ ಓಡಿಸಿ. ಸಾಲಿನ ಸಂಖ್ಯೆಗೆ ಮೈನಸ್ ಎನ್, ಪೂರ್ತಿ ಪದಕ್ಕೆ ಮೈನಸ್ ಡಬ್ಲ್ಯೂ, ದೊಡ್ಡಕ್ಷರ ಸಣ್ಣಕ್ಷರ ಲೆಕ್ಕಿಸದಿರಲು ಮೈನಸ್ ಐ. ರಿಪ್‌ಗ್ರೆಪ್ ಇದ್ದರೂ ಆಯಿತು. ಕೋಟ್ ಮಾರ್ಕ್ ಸೇರಿಸಿ ಹುಡುಕಬೇಡಿ. ಒಬ್ಬರು ಸಿಂಗಲ್ ಕೋಟ್ ಹಾಕಿರುತ್ತಾರೆ, ಇನ್ನೊಬ್ಬರು ಡಬಲ್, ಮತ್ತೊಬ್ಬರು ಬ್ಯಾಕ್‌ಟಿಕ್.

ಇಷ್ಟಕ್ಕೇ ನಿಂತರೆ ಪಟ್ಟಿ ಅರ್ಧವೇ. ಎಸ್‌ಕ್ಯೂಎಲ್ ಫೈಲು, ಇಮೇಲ್ ಟೆಂಪ್ಲೇಟು, ಯಾಮಲ್ ಕಾನ್ಫಿಗ್, ರಾತ್ರಿ ಓಡುವ ಶೆಲ್ ಸ್ಕ್ರಿಪ್ಟು, ಮೊಬೈಲ್ ಆ್ಯಪ್‌ನ ಬೇರೆ ರೆಪೊ, ಡ್ಯಾಶ್‌ಬೋರ್ಡ್‌ನೊಳಗೆ ಯಾರೋ ಬರೆದಿಟ್ಟ ಕ್ವೆರಿ, ಎಲ್ಲ ಕಡೆ ನೋಡಿ. ಜೋಡಿಸಿ ಕಟ್ಟಿದ ಸ್ಟ್ರಿಂಗ್ ಹುಡುಕಾಟಕ್ಕೆ ಸಿಗುವುದೇ ಇಲ್ಲ. ನಮ್ಮಲ್ಲಿ ಒಂದು ಕಡೆ 'ಟಿಕೆಟ್ ಡಾಟ್' ಎಂಬುದಕ್ಕೆ ಸ್ಟೇಟಸ್ ಅಂಟಿಸಿ ಇವೆಂಟ್ ಹೆಸರು ತಯಾರಾಗುತ್ತಿತ್ತು. ಪೂರ್ತಿ ಹೆಸರು ಕೋಡ್‌ನಲ್ಲಿ ಎಲ್ಲೂ ಇರಲಿಲ್ಲ. ಪದದ ಮೊದಲ ಅರ್ಧ ಹುಡುಕಿದಾಗಲೇ ಅದು ಕಂಡದ್ದು.

ಕನ್ನಡ ಸ್ಟ್ರಿಂಗ್ ಹುಡುಕುವಾಗ ಇನ್ನೊಂದು ಕಾಟ ಇದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ಒತ್ತಕ್ಷರ ಆಗಿಬಿಡುತ್ತದೆ. ನೀವು ಟೈಪ್ ಮಾಡಿದ್ದರಲ್ಲಿ ಅದಿದ್ದು ಫೈಲಿನಲ್ಲಿ ಇಲ್ಲದಿದ್ದರೆ, ಅಥವಾ ಉಲ್ಟಾ ಆದರೆ, ಗ್ರೆಪ್ ಏನೂ ಸಿಗಲಿಲ್ಲ ಎನ್ನುತ್ತದೆ. 'ೋ' ಸ್ವರಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಭಾಗಗಳಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಹೋಲಿಸಿದರೆ ಬೇರೆ. ಇಂಥ ಪಠ್ಯವನ್ನು ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಭಾಗಗಳು ಒಂದೇ ಸಂಕೇತವಾಗಿ ಸೇರಿದ ರೂಪಕ್ಕೆ, ತನ್ನಿ. ಆ ಕಾಣದ ಅಕ್ಷರವನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ಕೋಡ್ ಹೇಳುವುದನ್ನು ಮಾತ್ರ ನಂಬಬೇಡಿ, ಡೇಟಾಬೇಸನ್ನೂ ಕೇಳಿ. ಸ್ಟೇಟಸ್ ಕಾಲಂ ಮೇಲೆ 'ಗ್ರೂಪ್ ಬೈ' ಹಾಕಿ, ಪ್ರತಿ ಬೆಲೆ (ದುಡ್ಡಲ್ಲ, ಅಲ್ಲಿ ಬರೆದಿರುವ ವ್ಯಾಲ್ಯೂ) ಎಷ್ಟು ಸಲ ಇದೆ ಎಂದು ಎಣಿಸಿ. ಮೈಎಸ್‌ಕ್ಯೂಎಲ್ ಬಳಸುವವರು ಇಲ್ಲಿ ಹುಷಾರಾಗಿರಿ. ಅದರ ಮಾಮೂಲಿ ಕೊಲೇಶನ್, ಅಂದರೆ ಅಕ್ಷರ ಹೋಲಿಸುವ ನಿಯಮ, ದೊಡ್ಡಕ್ಷರ ಸಣ್ಣಕ್ಷರವನ್ನು ಒಂದೇ ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಮೂರು ಬಗೆಯ ಬರಹ ಒಂದೇ ಸಾಲಿನಲ್ಲಿ ಸೇರಿ ಕಾಣಿಸುತ್ತವೆ. ಕಾಲಂಗೆ 'ಬೈನರಿ' ಹಚ್ಚಿ ಗುಂಪು ಮಾಡಿದರೆ ನಿಜ ಹೊರಗೆ ಬರುತ್ತದೆ. ನಮ್ಮಲ್ಲಿ ಆರು ಸ್ಟೇಟಸ್ ಇವೆ ಎಂದುಕೊಂಡಿದ್ದೆವು, ಸಿಕ್ಕಿದ್ದು ಒಂಬತ್ತು. ಒಂದರ ಕೊನೆಯಲ್ಲಿ ಒಂದು ಸ್ಪೇಸ್ ಇತ್ತು!

ಸಿಕ್ಕಿದ್ದನ್ನೆಲ್ಲ ಒಂದು ಶೀಟಿಗೆ ಹಾಕಿ. ಫೈಲು, ಸಾಲು, ಈ ಸಾಲು ಬರೆಯುತ್ತದಾ ಓದುತ್ತದಾ, ಇಲ್ಲಿ ಅದರ ಅರ್ಥ ಏನು. ಕೊನೆಯ ಕಾಲಂ ತುಂಬುವುದು ಬೇಜಾರಿನ ಕೆಲಸ. ಆದರೆ ಮುಂದಿನ ಹಂತ ನಿಂತಿರುವುದು ಅದರ ಮೇಲೆ.

ಅಕ್ಷರ ನೋಡಿ ಅಲ್ಲ, ಅರ್ಥ ನೋಡಿ ಸೇರಿಸಿ

ನನ್ನ ಮೊದಲ ಪ್ರಯತ್ನ ಹಾಳಾದದ್ದು ಇಲ್ಲೇ. 'ಪೆಂಡಿಂಗ್' ಎಂಬ ಪದ ಹದಿನೈದು ಕಡೆ ಇತ್ತು. ಎಲ್ಲದಕ್ಕೂ ಒಂದೇ ಕಾನ್‌ಸ್ಟಂಟ್ ಮಾಡಿದೆ. ಆದರೆ ಕೆಲವು ಕಡೆ ಅದು ಟಿಕೆಟ್ ಪೆಂಡಿಂಗ್, ಕೆಲವು ಕಡೆ ರೀಫಂಡ್ ಪೆಂಡಿಂಗ್. ಎರಡು ತಿಂಗಳಾದ ಮೇಲೆ ರೀಫಂಡ್ ತಂಡ ತಮ್ಮದನ್ನು 'ಪ್ರಾಸೆಸಿಂಗ್' ಎಂದು ಬದಲಿಸಬೇಕಾಯಿತು. ಕಾನ್‌ಸ್ಟಂಟ್‌ನ ಬೆಲೆ ಬದಲಿಸಿದರು. ಟಿಕೆಟ್‌ಗಳೂ ಅದರ ಜೊತೆ ಹೋದವು. ಮುಂಚೆ ಸ್ಟ್ರಿಂಗ್ ಚದುರಿದ್ದಾಗ ಈ ತಪ್ಪು ಆಗುತ್ತಲೇ ಇರಲಿಲ್ಲ. ಅದನ್ನು ಸಾಧ್ಯ ಮಾಡಿಕೊಟ್ಟವನು ನಾನು.

ಇದಕ್ಕಿಂತ ಚಂದದ ಉದಾಹರಣೆ ನಮ್ಮ ರಾಜ್ಯದ ಕೋಡ್‌ನಲ್ಲೇ ಇದೆ. 'ಕೆಎ' ಎಂದರೆ ಕರ್ನಾಟಕ, ಗಾಡಿಯ ನಂಬರ್ ಪ್ಲೇಟ್ ಮೇಲಿರುವುದೂ ಅದೇ. ಭಾಷೆಯ ಎರಡಕ್ಷರದ ಕೋಡ್‌ಗಳಲ್ಲಿ 'ಕೆಎ' ಎಂದರೆ ಜಾರ್ಜಿಯನ್. ಕನ್ನಡದ್ದು 'ಕೆಎನ್'. ಅದೇ 'ಕೆಎನ್' ದೇಶಗಳ ಪಟ್ಟಿಗೆ ಹೋದರೆ ಸೇಂಟ್ ಕಿಟ್ಸ್ ಅಂಡ್ ನೆವಿಸ್! ಜಿಎಸ್‌ಟಿಯಲ್ಲಂತೂ ಕರ್ನಾಟಕ ಎಂದರೆ 29. ಅಕ್ಷರ ನೋಡಿ ಒಟ್ಟು ಮಾಡಿದರೆ ಕರ್ನಾಟಕದ ಗ್ರಾಹಕರಿಗೆ ಜಾರ್ಜಿಯನ್ ಭಾಷೆಯ ಪುಟ ತೋರಿಸಿದ ಹಾಗೆ.

ಹಾಗಾಗಿ ಶೀಟನ್ನು ಅರ್ಥದ ಕಾಲಂ ಮೇಲೆ ಸಾರ್ಟ್ ಮಾಡಿ. ಒಂದು ಅರ್ಥಕ್ಕೆ ಒಂದು ಕಾನ್‌ಸ್ಟಂಟ್. ಎರಡು ಕಾನ್‌ಸ್ಟಂಟ್‌ಗಳ ಬೆಲೆ ಒಂದೇ ಆದರೂ ಪರವಾಗಿಲ್ಲ. ಸಂಶಯ ಬಂದರೆ ಹೀಗೆ ಕೇಳಿ: ನಾಳೆ ಒಂದು ಬದಲಾದರೆ ಇನ್ನೊಂದೂ ಬದಲಾಗಲೇಬೇಕಾ? ಬೇಕಿಲ್ಲ ಎಂದಾದರೆ ಬೇರೆ ಬೇರೆ ಇಡಿ.

ಹೆಸರು, ಜಾಗ, ರೂಪ

ಹೆಸರು ಅರ್ಥವನ್ನು ಹೇಳಬೇಕು, ಬೆಲೆಯನ್ನಲ್ಲ. 'ಸ್ಟ್ರಿಂಗ್ ಕೆಎ' ಎಂದಿಟ್ಟರೆ ಏನೂ ತಿಳಿಯುವುದಿಲ್ಲ, 'ರಾಜ್ಯ ಕರ್ನಾಟಕ' ಎಂದರೆ ತಿಳಿಯುತ್ತದೆ. ಪೈಥಾನ್ ಬರೆಯುವ ಶೈಲಿಯ ಕೈಪಿಡಿ ಪೆಪ್ 8 ಹೇಳುವಂತೆ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ನಿಮ್ಮ ತಂಡದ ರೂಢಿ ಬೇರೆ ಇದ್ದರೆ ಅದೇ ಇರಲಿ, ಅದಕ್ಕೆ ಜಗಳ ಬೇಡ.

ಜಾಗದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಇಡೀ ಪ್ರಾಜೆಕ್ಟ್‌ಗೆ ಒಂದೇ 'ಕಾನ್‌ಸ್ಟಂಟ್ಸ್' ಫೈಲ್ ಮಾಡಬೇಡಿ. ಅದು ಬೇಗ ಅಡುಗೆಮನೆಯ ಹಳೆ ಡಬ್ಬಿಯಾಗುತ್ತದೆ: ರಬ್ಬರ್ ಬ್ಯಾಂಡು, ಮುರಿದ ಕೀ, ಬಿಲ್ಲು, ಎಲ್ಲ ಅದರೊಳಗೆ. ಎಲ್ಲ ಫೈಲುಗಳೂ ಅದನ್ನೇ ಇಂಪೋರ್ಟ್ ಮಾಡುವುದರಿಂದ ಎಲ್ಲರ ಮರ್ಜ್ ಕಾನ್‌ಫ್ಲಿಕ್ಟ್ ಕೂಡ ಅಲ್ಲೇ. ಟಿಕೆಟ್ ಸ್ಟೇಟಸ್ ಟಿಕೆಟ್ ಮಾಡ್ಯೂಲ್ ಒಳಗಿರಲಿ, ರೀಫಂಡ್‌ನದ್ದು ರೀಫಂಡ್ ಒಳಗೆ. ಒಂದೇ ಫೈಲಿನಲ್ಲಿ ಬಳಕೆಯಾಗುವುದು ಅದೇ ಫೈಲಿನ ತಲೆಯ ಮೇಲಿರಲಿ. ಎರಡು ಮಾಡ್ಯೂಲ್‌ಗಳು ನಿಜವಾಗಿ ಹಂಚಿಕೊಳ್ಳುವುದು ಮಾತ್ರ ಮೇಲಿನ ಹಂಚಿಕೆಯ ಜಾಗಕ್ಕೆ ಹೋಗಲಿ. ಆ ಫೈಲ್ ತಾನು ಬೇರೆ ಯಾವುದನ್ನೂ ಇಂಪೋರ್ಟ್ ಮಾಡಬಾರದು. ಇಲ್ಲದಿದ್ದರೆ ಸುತ್ತಿ ಸುತ್ತಿ ಬರುವ ಇಂಪೋರ್ಟ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ.

ಈಗ ರೂಪ. ಒಂಟಿ ಸ್ಟ್ರಿಂಗ್ ಆದರೆ ಸಾದಾ ಕಾನ್‌ಸ್ಟಂಟ್ ಸಾಕು. 'ಇಷ್ಟರಲ್ಲಿ ಒಂದು' ಎನ್ನುವಂಥ ಗುಂಪಾದರೆ ಈನಮ್ (ಒಪ್ಪುವ ಬೆಲೆಗಳ ಮುಚ್ಚಿದ ಪಟ್ಟಿ) ಅಥವಾ ಅದರಂಥದ್ದು ಬೇಕು. ಆಗ ಕೋಡ್ ಓಡುವ ಮೊದಲೇ ತಪ್ಪು ಹಿಡಿಯುವ ಟೈಪ್ ಚೆಕರ್ ಕೂಡ ನಿಮ್ಮ ಜೊತೆ ಕಾವಲು ಕಾಯುತ್ತದೆ. ಆದರೆ ಪ್ರತಿ ಭಾಷೆಯಲ್ಲೂ ಒಂದೊಂದು ಗುಂಡಿ ಇದೆ.

ಪೈಥಾನ್‌ನಲ್ಲಿ 2022ರ ಅಕ್ಟೋಬರ್‌ನಲ್ಲಿ ಬಂದ 3.11 ಆವೃತ್ತಿ 'ಸ್ಟರ್‌ಈನಮ್' ಕೊಟ್ಟಿತು. ಹೊಸ ಕೋಡ್‌ಗೆ ಅದನ್ನೇ ಬಳಸಿ. ಅದಕ್ಕೂ ಮುಂಚೆ ಎಲ್ಲರೂ ಸ್ಟ್ರಿಂಗ್ ಮತ್ತು ಈನಮ್ ಎರಡನ್ನೂ ಸೇರಿಸಿ ಕ್ಲಾಸ್ ಮಾಡುತ್ತಿದ್ದರು. ಅಂಥ ಹಳೆ ಕ್ಲಾಸ್‌ಗಳು 3.10ರವರೆಗೆ ಎಫ್-ಸ್ಟ್ರಿಂಗ್ (ನಡುವೆ ಬೆಲೆ ತುಂಬಿಸುವ ಸ್ಟ್ರಿಂಗ್) ಒಳಗೆ ಬೆಲೆಯನ್ನು ತೋರಿಸುತ್ತಿದ್ದವು. 3.11ರಿಂದ ಕ್ಲಾಸ್‌ನ ಹೆಸರು, ಚುಕ್ಕೆ, ಸದಸ್ಯನ ಹೆಸರು ತೋರಿಸುತ್ತವೆ. ಅಂದರೆ ಪೈಥಾನ್ ಮೇಲೇರಿಸಿದ ದಿನ ನಿಮ್ಮ ಕ್ಯಾಶ್ ಕೀಗಳು, ಯುಆರ್‌ಎಲ್‌ಗಳು ಸದ್ದಿಲ್ಲದೆ ಬದಲಾಗಬಹುದು. ಎಫ್-ಸ್ಟ್ರಿಂಗ್ ಒಳಗೆ ಹಾಕುವಾಗ 'ಡಾಟ್ ವ್ಯಾಲ್ಯೂ' ಬರೆದುಬಿಡಿ, ನೆಮ್ಮದಿ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಬಳಸುವವರಿಗೆ 3.0ರಿಂದಲೇ 'ಟೆಕ್ಸ್ಟ್‌ಚಾಯ್ಸಸ್' ಇದೆ. ಡೇಟಾಬೇಸ್‌ಗೆ ಹೋಗುವ ಬೆಲೆ ಒಂದು, ಜನರಿಗೆ ತೋರಿಸುವ ಹೆಸರು ಇನ್ನೊಂದು ಎಂದು ಅದು ಮೊದಲೇ ಬೇರೆ ಮಾಡಿಟ್ಟಿರುತ್ತದೆ.

ಟೈಪ್‌ಸ್ಕ್ರಿಪ್ಟ್‌ನಲ್ಲಿ ನನ್ನ ಒಲವು ಈನಮ್‌ಗಿಂತ ಸಾದಾ ಆಬ್ಜೆಕ್ಟ್ ಕಡೆಗೆ. ಆಬ್ಜೆಕ್ಟ್ ಬರೆದು ಕೊನೆಗೆ 'ಆ್ಯಸ್ ಕಾನ್‌ಸ್ಟ್' ಹಚ್ಚಿ. 2019ರಲ್ಲಿ ಬಂದ 3.4 ಆವೃತ್ತಿಯಿಂದ ಈ ಸೌಕರ್ಯ ಇದೆ. ಅದರ ಬೆಲೆಗಳಿಂದಲೇ 'ಇವುಗಳಲ್ಲಿ ಒಂದು' ಎನ್ನುವ ಯೂನಿಯನ್ ಟೈಪ್ ತೆಗೆಯಿರಿ. ಆಗ ಒಂದು ಎಲ್ ತಪ್ಪಿದರೂ ಎಡಿಟರ್‌ನಲ್ಲೇ ಕೆಂಪು ಗೆರೆ ಬೀಳುತ್ತದೆ. ನಿಜ ಹೇಳಬೇಕೆಂದರೆ, ಯೂನಿಯನ್ ಟೈಪ್ ಇದ್ದ ಕಡೆ ಬರೀ ಸ್ಟ್ರಿಂಗ್ ಬರೆದರೂ ನಡೆಯುತ್ತದೆ. ಕಾಯುವುದು ಟೈಪ್, ಹೆಸರಲ್ಲ.

ಗೋ ಭಾಷೆಯಲ್ಲಿ ಬರೆಯುವವರು 'ಟೈಪ್ ಸ್ಟೇಟಸ್ ಸ್ಟ್ರಿಂಗ್' ಎಂದು ಹೊಸ ಟೈಪ್ ಮಾಡಿ ಸುರಕ್ಷಿತ ಎಂದುಕೊಳ್ಳುತ್ತಾರೆ. ಆದರೆ ಕೋಟ್ ಒಳಗಿನ ಸ್ಟ್ರಿಂಗ್‌ಗೆ ಗೋದಲ್ಲಿ ಗಟ್ಟಿ ಟೈಪ್ ಇರುವುದಿಲ್ಲ. ತಪ್ಪು ಸ್ಪೆಲಿಂಗ್‌ನ ಸ್ಟ್ರಿಂಗನ್ನು ಆ ಟೈಪ್ ಕೇಳುವ ಫಂಕ್ಷನ್‌ಗೆ ಕೊಟ್ಟರೂ ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಬೆಲೆ ಪರೀಕ್ಷಿಸುವ ಒಂದು ಫಂಕ್ಷನ್ ನೀವೇ ಬರೆಯಬೇಕು.

ಜಾವಾದ ಗುಂಡಿ ಇನ್ನೂ ಆಳ. 'ಸ್ಟ್ಯಾಟಿಕ್ ಫೈನಲ್' ಸ್ಟ್ರಿಂಗ್‌ನ ಬೆಲೆ ಅದನ್ನು ಬಳಸುವ ಕ್ಲಾಸ್ ಫೈಲಿನೊಳಗೆ ಕಂಪೈಲ್ ಹೊತ್ತಿಗೇ ಅಚ್ಚಾಗುತ್ತದೆ. ಹಂಚಿಕೆಯ ಜಾರ್‌ನಲ್ಲಿ (ಜಾವಾ ಕೋಡ್‌ನ ಪ್ಯಾಕೇಜ್ ಫೈಲು) ಬೆಲೆ ಬದಲಿಸಿ, ಬರೀ ಆ ಜಾರ್ ಹೊಸದು ಹಾಕಿದರೆ, ಬಳಸುವ ಕೋಡ್ ಹಳೆ ಬೆಲೆಯನ್ನೇ ಹಿಡಿದುಕೊಂಡಿರುತ್ತದೆ. ಬಳಸುವವರೆಲ್ಲ ಮತ್ತೆ ಕಂಪೈಲ್ ಆಗಬೇಕು.

ಹೊಸ್ತಿಲಲ್ಲೇ ತಪಾಸಣೆ

ಹೊರಗಿಂದ ಬರುವ ಸ್ಟ್ರಿಂಗ್ ನಿಮ್ಮ ಕಾನ್‌ಸ್ಟಂಟ್ ಮಾತು ಕೇಳುವುದಿಲ್ಲ. ಪೇಮೆಂಟ್ ಸೇವೆಗಳನ್ನೇ ನೋಡಿ: ಸ್ಟ್ರೈಪ್ ತನ್ನ ಸಬ್‌ಸ್ಕ್ರಿಪ್ಶನ್‌ನ 'ಕ್ಯಾನ್ಸಲ್ಡ್' ಸ್ಟೇಟಸನ್ನು ಒಂದು ಎಲ್ ಹಾಕಿ ಬರೆಯುತ್ತದೆ, ರೇಜರ್‌ಪೇ ಎರಡು ಎಲ್ ಹಾಕುತ್ತದೆ. ಕ್ಯಾಲೆಂಡರ್ ಫೈಲುಗಳ ಐಕ್ಯಾಲೆಂಡರ್ ಮಾದರಿಯಲ್ಲೂ ಎರಡು ಎಲ್, ಅದೂ ದೊಡ್ಡಕ್ಷರದಲ್ಲಿ. ಇವೆಲ್ಲ ಅವರವರ ಒಪ್ಪಂದ. ಪ್ರತಿ ಹೊರಗಿನ ಸೇವೆಗೂ ಒಂದು ಸಣ್ಣ ಅಡಾಪ್ಟರ್ ಬರೆಯಿರಿ. ಅವರ ಪದ ಅಲ್ಲಿಗೇ ನಿಲ್ಲಲಿ, ಒಳಗೆ ಬರುವುದು ನಿಮ್ಮ ಕಾನ್‌ಸ್ಟಂಟ್ ಮಾತ್ರ. ಡೇಟಾಬೇಸ್‌ನಿಂದ ಓದುವಾಗಲೂ, ಕ್ಯೂನಿಂದ ಎತ್ತುವಾಗಲೂ ಇದೇ ಕ್ರಮ.

ಗೊತ್ತಿಲ್ಲದ ಬೆಲೆ ಬಂದರೆ ಏನು ಮಾಡಬೇಕು? ಅದನ್ನೂ ಇಲ್ಲೇ ತೀರ್ಮಾನಿಸಿ. ದುಡ್ಡಿನ ವಿಷಯವಾದರೆ ಗಲಾಟೆ ಮಾಡಲಿ, ಎರರ್ ಎಸೆಯಲಿ. ಬರೀ ತೋರಿಸುವ ವಿಷಯವಾದರೆ 'ಗೊತ್ತಿಲ್ಲ' ಎಂದು ತೋರಿಸಿ ಲಾಗ್ ಮಾಡಲಿ. ನಮ್ಮ ರೀಫಂಡ್ ಕೋಡ್ ಎರಡನ್ನೂ ಮಾಡದೆ ಮುಂದೆ ಹೋಗುತ್ತಿತ್ತು. ಒಂದು 'ಎಲ್ಸ್' ಇದ್ದಿದ್ದರೆ ಸೋಮವಾರದ ಫೋನ್ ಶನಿವಾರವೇ ಬರುತ್ತಿತ್ತು.

ಬದಲಾವಣೆ, ಸಣ್ಣ ಸಣ್ಣ ಕಮಿಟ್‌ಗಳಲ್ಲಿ

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಈ ಹಂತದಲ್ಲಿ ಯಾವ ಬೆಲೆಯನ್ನೂ ತಿದ್ದಬೇಡಿ. ಸ್ಪೆಲಿಂಗ್ ತಪ್ಪಿದ್ದರೂ ಹಾಗೇ ಇರಲಿ. ಕಾನ್‌ಸ್ಟಂಟ್‌ಗೆ ಸರಿಯಾದ ಹೆಸರು ಕೊಡಿ, ಬೆಲೆಯಲ್ಲಿ ತಪ್ಪು ಸ್ಪೆಲಿಂಗ್ ಇಡಿ, ಪಕ್ಕದಲ್ಲಿ ಯಾಕೆ ಎಂದು ಒಂದು ಸಾಲು ಕಾಮೆಂಟ್ ಬರೆಯಿರಿ. ಪ್ರೋಗ್ರಾಂ ಮೊದಲು ಹೇಗೆ ನಡೆಯುತ್ತಿತ್ತೋ ಆಮೇಲೂ ಹಾಗೇ ನಡೆದರೆ ಮಾತ್ರ ಇದು ರೀಫ್ಯಾಕ್ಟರಿಂಗ್.

ಮೊದಲ ಕಮಿಟ್‌ನಲ್ಲಿ, ಅಂದರೆ ಗಿಟ್‌ನಲ್ಲಿ ದಾಖಲಿಸುವ ಬದಲಾವಣೆಯ ಮೊದಲ ಕಂತಿನಲ್ಲಿ, ಕಾನ್‌ಸ್ಟಂಟ್‌ಗಳು ಮತ್ತು ಅವುಗಳ ಬೆಲೆ ಪರೀಕ್ಷಿಸುವ ಟೆಸ್ಟ್ ಮಾತ್ರ ಇರಲಿ. ಯಾವ ಹಳೆ ಸಾಲನ್ನೂ ಮುಟ್ಟಬೇಡಿ. ಆಮೇಲೆ ಒಂದೊಂದು ಫೋಲ್ಡರ್‌ಗೆ ಒಂದೊಂದು ಕಮಿಟ್. ಬರೆಯುವ ಸಾಲುಗಳನ್ನು ಮೊದಲು ಹಿಡಿಯಿರಿ, ಓದುವ ಸಾಲುಗಳು ಆಮೇಲೆ. ಬರೆಯುವವು ಸಾಮಾನ್ಯವಾಗಿ ಕಡಿಮೆ ಇರುತ್ತವೆ, ತಪ್ಪಾದರೆ ಜಾಸ್ತಿ ನಷ್ಟವೂ ಅವುಗಳಿಂದಲೇ.

ಬದಲಿಸಲು ಎಡಿಟರ್‌ನ ಸಹಾಯ ತೆಗೆದುಕೊಳ್ಳಿ. ಇಂಟೆಲಿಜೆಯಲ್ಲಿ ಸ್ಟ್ರಿಂಗ್ ಮೇಲೆ ನಿಂತು ಕಂಟ್ರೋಲ್, ಆಲ್ಟ್, ಸಿ ಒತ್ತಿದರೆ ಕಾನ್‌ಸ್ಟಂಟ್ ಮಾಡಿಕೊಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಜೆಎಸ್‌ಕೋಡ್‌ಶಿಫ್ಟ್, ಪೈಥಾನ್‌ಗೆ ಲಿಬ್‌ಸಿಎಸ್‌ಟಿ ಇವೆ. ಅವು ಕೋಡ್‌ನ ರಚನೆ ಅರ್ಥ ಮಾಡಿಕೊಂಡು ಬದಲಿಸುತ್ತವೆ. ಹುಡುಕಿ ಬದಲಿಸುವ 'ಸೆಡ್' ಕಮಾಂಡ್ ಹಾಗಲ್ಲ, ಅದಕ್ಕೆ ಕಾಣುವುದು ಅಕ್ಷರ ಮಾತ್ರ. ಒಂದು ಸಲ ಅವಸರದಲ್ಲಿ ಇಡೀ ರೆಪೊ ಮೇಲೆ ಸೆಡ್ ಓಡಿಸಿದೆ. ಕಾನ್‌ಸ್ಟಂಟ್ ಫೈಲ್ ಕೂಡ ರೆಪೊದೊಳಗೇ ಇತ್ತಲ್ಲ. ಅಲ್ಲಿ 'ಕ್ಯಾನ್ಸಲ್ಡ್ ಈಸ್ ಈಕ್ವಲ್ ಟು ಕ್ಯಾನ್ಸಲ್ಡ್' ಎಂದಾಗಿ ಕೂತಿತ್ತು, ಎರಡೂ ಕಡೆ ಕೋಟ್ ಇಲ್ಲ. ತನ್ನ ಬಾಲವನ್ನು ತಾನೇ ನುಂಗಿದ ಹಾವು.

ಕೈ ಹಾಕಬಾರದ ಒಂದು ಜಾಗ ಇದೆ, ಹಳೆ ಮೈಗ್ರೇಶನ್ ಫೈಲುಗಳು. ಅವು ಆ ದಿನ ಡೇಟಾಬೇಸ್‌ಗೆ ಏನು ಮಾಡಿದೆವು ಎಂಬ ದಾಖಲೆ. ಅದರೊಳಗೆ ಇವತ್ತಿನ ಕಾನ್‌ಸ್ಟಂಟ್ ಇಂಪೋರ್ಟ್ ಮಾಡಿದರೆ, ನಾಳೆ ಬೆಲೆ ಬದಲಾದಾಗ ನಿನ್ನೆಯ ಇತಿಹಾಸವೂ ಬದಲಾಗುತ್ತದೆ. ಹೊಸದಾಗಿ ಬಂದವರು ಲ್ಯಾಪ್‌ಟಾಪ್‌ನಲ್ಲಿ ಸೆಟಪ್ ಮಾಡಿದಾಗ ಅವರ ಡೇಟಾಬೇಸ್ ನಿಮ್ಮದಕ್ಕಿಂತ ಬೇರೆಯೇ ಆಗಿರುತ್ತದೆ. ಮೈಗ್ರೇಶನ್‌ನಲ್ಲಿ ಬರೀ ಸ್ಟ್ರಿಂಗೇ ಸರಿ.

ನೂರಾರು ಸಾಲು ಬದಲಾದ ಮೇಲೆ, ಯಾವ ಸಾಲು ಯಾರು ಬರೆದದ್ದೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಎಲ್ಲ ಕಡೆ ನಿಮ್ಮ ಹೆಸರೇ. ಏನೇ ಮುರಿದರೂ ಜನ ನಿಮ್ಮ ಡೆಸ್ಕ್ ಹತ್ತಿರ ಬರುತ್ತಾರೆ. ಕಮಿಟ್ ಐಡಿಗಳನ್ನು ಒಂದು ಫೈಲಿಗೆ ಬರೆದು, ಬ್ಲೇಮ್‌ನಲ್ಲಿ 'ಇಗ್ನೋರ್ ರೆವ್ಸ್ ಫೈಲ್' ಎಂದು ಕೊಡಿ. 2019ರ ಗಿಟ್ 2.23ರಿಂದ ಇದು ಇದೆ.

ಟೆಸ್ಟ್‌ನಲ್ಲಿ ಏನು ಮಾಡಬೇಕು?

ಇಲ್ಲಿ ಹಲವರು ಒಪ್ಪದಿರಬಹುದು. ಟೆಸ್ಟ್‌ಗಳಲ್ಲೂ ಎಲ್ಲ ಕಡೆ ಕಾನ್‌ಸ್ಟಂಟ್ ಹಾಕಿದರೆ, ಬೆಲೆ ಕೆಟ್ಟರೂ ಟೆಸ್ಟ್ ಹಸಿರಾಗೇ, ಅಂದರೆ ಪಾಸಾಗೇ, ಇರುತ್ತದೆ. ಎರಡೂ ಕಡೆ ಒಂದೇ ತಪ್ಪು, ಹೋಲಿಸಿದರೆ ಸಮ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಒಳಗಿನ ನಡವಳಿಕೆಯ ಟೆಸ್ಟ್‌ನಲ್ಲಿ ಕಾನ್‌ಸ್ಟಂಟ್ ಇರಲಿ. ಆದರೆ ಹೊರಗಿನವರು ನೋಡುವ ಜಾಗದಲ್ಲಿ, ಅಂದರೆ ಎಪಿಐ ಉತ್ತರ, ಕ್ಯೂ ಮೆಸೇಜ್, ಡೇಟಾಬೇಸ್‌ಗೆ ಹೋಗುವ ಸಾಲು, ಇಲ್ಲೆಲ್ಲ ಕೋಟ್ ಒಳಗೆ ಪೂರ್ತಿ ಸ್ಟ್ರಿಂಗ್ ಬರೆಯಿರಿ. ಯಾರಾದರೂ ಸ್ಪೆಲಿಂಗ್ 'ಸರಿ' ಮಾಡಿದ ಕ್ಷಣ ಅದು ಕೆಂಪಾಗಬೇಕು.

ಬೆಲೆಯೇ ಬದಲಾಗಬೇಕಾದರೆ

2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಳಗಾಂ ಬೆಳಗಾವಿ, ಗುಲ್ಬರ್ಗ ಕಲಬುರಗಿ, ಬಿಜಾಪುರ ವಿಜಯಪುರ. ಊರಿನ ಹೆಸರನ್ನೇ ಕೀ ಮಾಡಿಕೊಂಡ ಯಾವ ಕೋಡ್‌ಗೂ ಇದು ನುಂಗಲಾರದ ತುತ್ತು. ಕಾನ್‌ಸ್ಟಂಟ್ ಇದ್ದರೆ ಒಂದೇ ಸಾಲು ಬದಲಿಸಿದರೆ ಸಾಕು ಅನಿಸುತ್ತದೆ. ಸಾಲದು. ಕೋಡ್ ಬದಲಾದರೂ ಡೇಟಾಬೇಸ್‌ನ ಹಳೆ ಸಾಲುಗಳು, ಜನರ ಫೋನಿನಲ್ಲಿರುವ ಹಳೆ ಆ್ಯಪ್, ಕ್ಯೂನಲ್ಲಿ ಕಾಯುತ್ತಿರುವ ಮೆಸೇಜ್ ಬದಲಾಗುವುದಿಲ್ಲ.

ಟೈಮ್‌ಝೋನ್ ಪಟ್ಟಿಯಲ್ಲೂ ಇದೇ ಆಗಿದೆ. 2001ರಲ್ಲಿ ಕಲ್ಕತ್ತಾ ಕೋಲ್ಕತ್ತಾ ಆಯಿತು. ಪಟ್ಟಿಯಲ್ಲಿ 'ಏಷ್ಯಾ/ಕೋಲ್ಕತ್ತಾ' ಬಂದರೂ ಹಳೆ 'ಏಷ್ಯಾ/ಕ್ಯಾಲ್ಕಟ್ಟಾ' ಹೆಸರನ್ನು ತೆಗೆಯಲಿಲ್ಲ, ಅಡ್ಡಹೆಸರಾಗಿ ಉಳಿಸಿಕೊಂಡರು. ಕ್ರೋಮ್ ಬ್ರೌಸರ್ ಭಾರತದ ಕಂಪ್ಯೂಟರ್‌ಗಳಲ್ಲಿ ಹಳೆ ಹೆಸರನ್ನು ಕೊಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. 'ಏಷ್ಯಾ/ಕೋಲ್ಕತ್ತಾ' ಕಾನ್‌ಸ್ಟಂಟ್ ಜೊತೆ ನೇರ ಹೋಲಿಸಿದರೆ ಬೆಂಗಳೂರಿನಲ್ಲಿ ಕೂತವರೂ ಭಾರತದವರಲ್ಲ ಎಂದಾಗುತ್ತದೆ.

ಹಾಗಾಗಿ ಬೆಲೆ ಬದಲಿಸುವುದು ನಾಲ್ಕು ಡಿಪ್ಲಾಯ್‌ಗಳ (ಸರ್ವರ್‌ಗೆ ಬದಲಾವಣೆ ತಲುಪಿಸುವ ಸುತ್ತುಗಳ) ಕೆಲಸ. ಮೊದಲು ಓದುವ ಕೋಡ್ ಹಳೆಯದನ್ನೂ ಹೊಸದನ್ನೂ ಒಪ್ಪುವಂತೆ ಮಾಡಿ. ಅದು ಎಲ್ಲ ಸರ್ವರ್‌ಗೂ ತಲುಪಿದ ಮೇಲೆ ಬರೆಯುವ ಕೋಡ್ ಹೊಸದನ್ನು ಬರೆಯಲಿ. ಆಮೇಲೆ ಡೇಟಾಬೇಸ್‌ನ ಹಳೆ ಸಾಲುಗಳನ್ನು ತಿದ್ದಿ. ಹಳೆ ಬೆಲೆ ಎಲ್ಲಿಂದಲೂ ಬರುತ್ತಿಲ್ಲ ಎಂದು ಲಾಗ್‌ನಲ್ಲಿ ಕೆಲವು ವಾರ ನೋಡಿ, ಕೊನೆಗೆ ಓದುವ ಕೋಡ್‌ನಿಂದ ಅದನ್ನು ತೆಗೆಯಿರಿ. ಊರಿನ ಹೆಸರಿನಂಥದ್ದಾದರೆ ಇನ್ನೂ ಒಳ್ಳೆಯ ದಾರಿ ಇದೆ. ಕೀ ಆಗಿ ಅರ್ಥವಿಲ್ಲದ ಒಂದು ಐಡಿ ಇಡಿ, ಹೆಸರು ಬರೀ ತೋರಿಸಲು ಮಾತ್ರ.

ಎರಡು ಬೇರೆ ಭಾಷೆಯ ಸರ್ವಿಸ್‌ಗಳು ಒಂದೇ ಸ್ಟ್ರಿಂಗ್ ಹಂಚಿಕೊಳ್ಳುತ್ತಿದ್ದರೆ ಹಂಚಿಕೆಯ ಪ್ಯಾಕೇಜ್ ಆಗುವುದಿಲ್ಲ. ಓಪನ್‌ಎಪಿಐ ಅಥವಾ ಪ್ರೋಟೋಬಫ್ ಸ್ಕೀಮಾದಲ್ಲಿ, ಅಂದರೆ ಎರಡೂ ಕಡೆಯವರು ಒಪ್ಪಿದ ವಿವರಣೆಯ ಫೈಲಿನಲ್ಲಿ, ಈನಮ್ ಬರೆದು, ಅದರಿಂದಲೇ ಎರಡೂ ಕಡೆಯ ಕೋಡ್ ಹುಟ್ಟಿಸಿ. ಚಿಕ್ಕ ತಂಡಕ್ಕೆ ಇದು ಜಾಸ್ತಿ ಅನಿಸಿದರೆ ಒಂದು ಜೇಸನ್ ಫೈಲು, ಎರಡೂ ಕಡೆ ಅದನ್ನು ಓದಿ ಹೋಲಿಸುವ ಒಂದೊಂದು ಟೆಸ್ಟು ಸಾಕು. ನಾವು ಮಾಡಿದ್ದು ಅದನ್ನೇ.

ಕಾವಲು

ಇಷ್ಟೆಲ್ಲ ಮಾಡಿ ಮೂರು ತಿಂಗಳು ಬಿಟ್ಟು ನೋಡಿದರೆ ಸ್ಟ್ರಿಂಗ್‌ಗಳು ಕಳೆಯ ಹಾಗೆ ಮತ್ತೆ ಎದ್ದಿರುತ್ತವೆ. ರಿವ್ಯೂನಲ್ಲಿ ಹಿಡಿಯುತ್ತೇವೆ ಎನ್ನಬೇಡಿ, ಶುಕ್ರವಾರ ಸಂಜೆ ಯಾರೂ ಹಿಡಿಯುವುದಿಲ್ಲ. ಕೋಡ್ ತಪಾಸಣೆಯ ಸಾಧನ ಸೋನಾರ್‌ಕ್ಯೂಬ್‌ನ 1192ನೇ ನಿಯಮ ಒಂದೇ ಸ್ಟ್ರಿಂಗ್ ಮೂರು ಸಲ ಬಂದರೆ ದೂರುತ್ತದೆ. ಗೋದಲ್ಲಿ 'ಗೋಕಾನ್‌ಸ್ಟ್' ಇದೆ. ಆದರೆ ಇವು ಅಕ್ಷರ ಎಣಿಸುತ್ತವೆ, ಅರ್ಥ ನೋಡುವುದಿಲ್ಲ. ಅವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಮತ್ತೆ ನನ್ನ 'ಪೆಂಡಿಂಗ್' ಕಥೆಯೇ.

ನನಗೆ ಹಿಡಿಸಿದ್ದು ಇದಕ್ಕಿಂತ ಸಣ್ಣ ಉಪಾಯ. ಈಗ ಕಾನ್‌ಸ್ಟಂಟ್ ಆಗಿರುವ ಸ್ಟ್ರಿಂಗ್‌ಗಳ ಪಟ್ಟಿ ನಿಮ್ಮ ಹತ್ತಿರವೇ ಇದೆ. ಅವು ಕಾನ್‌ಸ್ಟಂಟ್ ಫೈಲು, ಮೈಗ್ರೇಶನ್, ಹೊರಗಿನ ಅಡಾಪ್ಟರ್‌ಗಳು ಮತ್ತು ಒಪ್ಪಂದದ ಟೆಸ್ಟ್ ಬಿಟ್ಟು ಬೇರೆಲ್ಲಾದರೂ ಕೋಟ್ ಒಳಗೆ ಕಂಡರೆ ಬಿಲ್ಡ್ ನಿಲ್ಲಿಸುವ ಒಂದು ಗ್ರೆಪ್ ಸ್ಕ್ರಿಪ್ಟ್ ಸಿಐಗೆ (ಕೋಡ್ ಬದಲಾದಾಗಲೆಲ್ಲ ತಾನೇ ಓಡುವ ತಪಾಸಣೆಗೆ) ಹಾಕಿ. ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ. ಜಾವಾಸ್ಕ್ರಿಪ್ಟ್ ತಪಾಸಣೆಯ ಇಎಸ್‌ಲಿಂಟ್ ಇದ್ದರೆ 'ನೋ ರಿಸ್ಟ್ರಿಕ್ಟೆಡ್ ಸಿಂಟ್ಯಾಕ್ಸ್' ನಿಯಮದಿಂದಲೂ ಇದೇ ಕೆಲಸ ಆಗುತ್ತದೆ. ಎರರ್ ಮೆಸೇಜ್‌ನಲ್ಲಿ 'ತಪ್ಪು' ಎಂದು ಮಾತ್ರ ಬರೆಯಬೇಡಿ, ಯಾವ ಫೈಲಿನ ಯಾವ ಕಾನ್‌ಸ್ಟಂಟ್ ಬಳಸಬೇಕು ಎಂದೂ ಬರೆಯಿರಿ. ಒಂದು ಎಲ್ ಇರುವ ಸ್ಪೆಲಿಂಗನ್ನೂ ಆ ಪಟ್ಟಿಗೆ ಸೇರಿಸಿ. ನಮ್ಮಲ್ಲಿ ಸ್ಕ್ರಿಪ್ಟ್ ಹಾಕಿದ ಮೊದಲ ವಾರ ಅದು ಎರಡು ಸಲ ಬಿಲ್ಡ್ ನಿಲ್ಲಿಸಿತು. ಅದರಲ್ಲಿ ಒಂದು ನನ್ನದೇ ಕಮಿಟ್.